ಒಂದು ಗೇಣು ಎತ್ತರದ ನೀರು

ಕ್ಯೋಟೋ
12 ಮೇ 2025

ಜಾಹ್ನವಿ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಏಳು ವರ್ಷ ಮಾತು ಬಿಟ್ಟವಳು ಕುಶಲ ಕೇಳಿದರೆ ಅದು ನಾಟಕ. ಅದನ್ನು ಬಿಟ್ಟುಬಿಡೋಣ. ನಿನ್ನ ನಂಬರನ್ನು ಫೋನಿನಲ್ಲಿ ಬ್ಲಾಕ್ ಮಾಡಿದವಳು ನಾನೇ. ಅದನ್ನು ತೆಗೆಯಲು ಬೆರಳು ಇನ್ನೂ ಒಪ್ಪುತ್ತಿಲ್ಲ. ಹಾಗಾಗಿ ಅಂಚೆ.

ವಿಷಯ ಇಷ್ಟು. ತೊತ್ತೊರಿಯ ನಕಗಾವಾ-ಸಾನ್ ನಿನಗೂ ಬರೆದಿರುತ್ತಾರೆ. ಅವರ ವೈಜ್ಞಾನಿಕ ಕಥೆಗಳ ಸಮ್ಮೇಳನಕ್ಕೆ ಈ ಆಗಸ್ಟಿಗೆ ನಲವತ್ತು ವರ್ಷ ತುಂಬುತ್ತದಂತೆ. ನೆನಪಿನ ಪುಸ್ತಕ ತರುತ್ತಿದ್ದಾರೆ. 2018ರಲ್ಲಿ ನಾವಿಬ್ಬರೂ ಸೇರಿ ಬರೆದ ‘ಕುಡಿಸುವವರ ಗ್ರಹ’ ಕಥೆಯನ್ನು ಅದರಲ್ಲಿ ಮತ್ತೆ ಅಚ್ಚು ಹಾಕುತ್ತಾರಂತೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮುಖಪುಟಕ್ಕೆ ಅವರು ಆರಿಸಿರುವುದು ಆ ಫೋಟೋ. ಮರಳ ದಿಬ್ಬದ ಮೇಲೆ ನಾನು ಕೂತಿದ್ದೇನೆ, ನೀನು ನಿಂತು ನನಗೆ ನೀರು ಕುಡಿಸುತ್ತಿದ್ದೀಯ. ‘ನಮ್ಮ ನಲವತ್ತು ವರ್ಷಗಳಲ್ಲೇ ಅತಿ ಸುಂದರ ಚಿತ್ರ’ ಎಂದು ಬರೆದಿದ್ದಾರೆ.

ಚಿತ್ರದಲ್ಲಿರುವ ಇಬ್ಬರೂ ಸಹಿ ಹಾಕಿದರೆ ಮಾತ್ರ ಅದು ಅಚ್ಚಾಗುತ್ತದೆ. ಜುಲೈ ಕೊನೆಯೊಳಗೆ ಹೇಳಬೇಕು. ನಾನು ಹಾಕುವುದಿಲ್ಲ. ನೀನು ಸಂಭ್ರಮದಿಂದ ಸಹಿ ಹಾಕಿ ಕಳಿಸಿಬಿಟ್ಟರೆ ಆ ಹಿರಿಯರು ನನಗೆ ಫೋನು ಮಾಡಿ, ಹತ್ತು ಸಲ ಸುಮಿಮಾಸೆನ್ ಎಂದು ಕ್ಷಮೆ ಕೋರಿ, ಕಾರಣ ಕೇಳುತ್ತಾರೆ. ಜಪಾನೀ ಭಾಷೆಯಲ್ಲಿ ಆ ಕಾರಣ ಹೇಳುವ ಶಕ್ತಿ ನನಗಿಲ್ಲ. ಅದಕ್ಕೇ ಮೊದಲು ನಿನಗೆ ಬರೆದೆ.

ನಿನ್ನ ಮಗಳು ಅಮೂಲ್ಯಳಿಗೆ ಈಗ ಹತ್ತು ವರ್ಷ ಇರಬೇಕು. ಹಲ್ಲು ಬಿದ್ದು ಹುಟ್ಟಿದ್ದನ್ನೆಲ್ಲ ನಾನು ನೋಡಲಿಲ್ಲ.

ನಿಶಿ ಕಸಾಯಿಯ ಆ ಅಂಗಡಿಯಲ್ಲಿ ಈಗಲೂ ರಾಗಿ ಹಿಟ್ಟು ಸಿಗುತ್ತದೆಯೇ? ಕಳಿಸಬೇಡ. ಸುಮ್ಮನೆ ಕೇಳಿದೆ.

ರತ್ನಾ


ನಿಶಿ ಕಸಾಯಿ, ಟೋಕಿಯೋ
21 ಮೇ 2025

ಪ್ರೀತಿಯ ರತ್ನಾ,

ರಾಗಿ ಹಿಟ್ಟು ಬೇರೆ ಪಾರ್ಸೆಲ್‌ನಲ್ಲಿ ಬರುತ್ತಿದೆ. ಎರಡು ಪೊಟ್ಟಣ. ಬೇಡ ಅಂದೆ, ಗೊತ್ತು. ನಾವಿಬ್ಬರೂ ಪರಿಚಯವಾದದ್ದೇ ಆ ಅಂಗಡಿಯ ಕೊನೆಯ ಪೊಟ್ಟಣಕ್ಕೆ ಒಟ್ಟಿಗೇ ಕೈ ಹಾಕಿ ತಾನೇ. “ಮಗುಗೆ ಸರಿ ಮಾಡ್ಬೇಕು” ಅಂದೆ ನಾನು. “ನನಗೆ ಮುದ್ದೆ ತಿಂದು ನಾಲ್ಕು ತಿಂಗಳಾಯ್ತು, ಆದ್ರೂ ತಗೋ, ಮಗು ಅಂತ ಅಡ್ಡ ತಂದ್ಯಲ್ಲ” ಅಂದೆ ನೀನು. ಒಂಬತ್ತು ವರ್ಷದ ಹಳೆಯ ಪೊಟ್ಟಣ ಈಗ ವಾಪಸ್ಸು ಕೊಟ್ಟೆ ಅಂದುಕೋ.

ನಿನ್ನ ಕಾಗದವನ್ನು ತೋಜಾಯಿ ಲೈನಿನ ರೈಲಿನಲ್ಲಿ ನಿಂತು ಓದಿದೆ. ಇಳಿಯುವ ಸ್ಟೇಷನ್ ದಾಟಿಹೋಯಿತು.

ಆ ಸಮ್ಮೇಳನ ನೆನೆಸಿಕೊಂಡರೆ ಈಗಲೂ ಅಂಗಾಲು ಚುರುಗುಟ್ಟುತ್ತದೆ. ಬಸ್ಸಿನ ಡ್ರೈವರು ಪಾಪ, “ಇದು ಮರುಭೂಮಿ ಅಲ್ಲ, ಬರೀ ಮರಳ ದಿಬ್ಬ, ಆಚೆ ಕಡೆ ಸಮುದ್ರ ಇದೆ” ಎಂದು ಎಲ್ಲರಿಗೂ ತಿದ್ದಿ ಹೇಳುತ್ತಿದ್ದ. ನೀನು ಕೆಳಗಿಳಿದು ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟು, “ಅಂಗಾಲು ಸುಟ್ರೆ ಮರುಭೂಮಿನೇ ಕಣೇ” ಅಂದೆ. ಯಾರೋ ಮರಳಿಗೆ ಥರ್ಮಾಮೀಟರ್ ಚುಚ್ಚಿದರು. ಐವತ್ತೆಂಟು. ಎಲ್ಲರೂ ಬಹುಮಾನ ಬಂದವರ ಹಾಗೆ ಕೈ ತಟ್ಟಿದರು. ಬೇರೆ ಗ್ರಹಕ್ಕೆ ಬಂದು ಇಳಿದ ಹಾಗಿರಬೇಕೆಂದೇ ತಾನೇ ಅವರು ಆ ಊರಿನಲ್ಲಿ, ಆ ತಿಂಗಳಿನಲ್ಲಿ ಸೇರುವುದು.

ನಮ್ಮ ಕತ್ತಿನ ಬಿಲ್ಲೆಗಳು ನೆನಪಿವೆಯಾ? ಬೇಕಾದ ಹೆಸರು ಬರೆದುಕೊಳ್ಳಿ ಅಂದರು. ನಾನು ‘ಮಂಗಳ ಗ್ರಹದ ಸೊಸೆ’. ನೀನು ‘ಕಾಮ್ರೇಡ್ ಬಾಹ್ಯಾಕಾಶ’. ನಕಗಾವಾ-ಸಾನ್ ಆರಂಭದ ಭಾಷಣ ಮಾಡಿದ್ದು ಮೂರೇ ವಾಕ್ಯ: “ಇಲ್ಲಿ ಅತಿಥಿಗಳಿಲ್ಲ. ಗಿರಾಕಿಗಳಿಲ್ಲ. ಭಾಗವಹಿಸುವವರು ಮಾತ್ರ.” ಆಮೇಲೆ ನೋಡಿದರೆ ಇಪ್ಪತ್ತು ಪುಸ್ತಕ ಬರೆದ ಲೇಖಕಿಯೇ ಸಭಾಂಗಣ ಗುಡಿಸುತ್ತಿದ್ದರು. ಎಲ್ಲರೂ ಒಂದೇ ಹಾಲಿನಲ್ಲಿ ಚಾಪೆಯ ಮೇಲೆ ಹಾಸಿಗೆ ಹಾಸಿ ಮಲಗುವುದು. ನೀನು ಬೆರಗಾಗಿ, “ಇದು ಥೇಟ್ ನಮ್ಮ ಸಂಘಟನೆ ಶಿಬಿರ ಕಣೇ, ಬರೀ ಹೋರಾಟದ ಹಾಡು ಒಂದು ಇಲ್ಲ” ಅಂದೆ. ಸಾಯಂಕಾಲಕ್ಕೆ ಅದನ್ನೂ ಹಾಡಿಬಿಟ್ಟೆ. ನಿವೃತ್ತ ಸ್ಟೇಷನ್ ಮಾಸ್ಟರರು ಬೆಳ್ಳಿ ಕಾಗದ ಸುತ್ತಿಕೊಂಡು ರೋಬೋ ಆಗಿದ್ದರಲ್ಲ, ಅವರು ತಮಟೆಗೆ ಬದಲು ತಗಡಿನ ಎದೆ ಬಡಿದರು.

ಆಮೇಲೆ ಹೆಂಗಸರೆಲ್ಲ ಬರಿಮೈಯಲ್ಲಿ ಇಳಿಯುವ ಬಿಸಿನೀರಿನ ಕೊಳ. ನಾನು ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದೆ. “ಬಾರೇ, ಇಲ್ಲಿ ನಿನ್ನನ್ನ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ಎಂಬತ್ತರ ಅಜ್ಜಿನೇ ಆರಾಮಾಗಿ ಕೂತಿದಾಳೆ” ಅಂದೆ ನೀನು.

ಇಷ್ಟೆಲ್ಲ ನೆನಪಿದೆ. ಹಾಗಾಗಿ ಕೇಳುತ್ತೇನೆ. ಮರುದಿನ ಮಧ್ಯಾಹ್ನ ನಮ್ಮ ಕಥೆಯ ಪಾತ್ರಗಳ ವೇಷ ಹಾಕಿಕೊಂಡು ದಿಬ್ಬ ಹತ್ತುವಾಗ ನಿನಗೆ ಬಿಸಿಲು ಹೊಡೆಯಿತು. ಕುಸಿದು ಕೂತೆ. ನನ್ನ ಹತ್ತಿರ ಕೊಂಬಿನಿ ಅಂಗಡಿಯಲ್ಲಿ ಕೊಂಡ ನೀರಿನ ಬಾಟಲಿ ಇತ್ತು. ಕುಡಿಸಿದೆ. ನಮ್ಮ ಕಥೆಯಲ್ಲಿ ಆ ಗ್ರಹದ ಕಾನೂನೇ ಅದು: ಯಾರೂ ತಮ್ಮ ಕೈಯಿಂದ ತಾವು ಕುಡಿಯುವಂತಿಲ್ಲ, ಇನ್ನೊಬ್ಬರು ಕುಡಿಸಬೇಕು. ಆ ದೃಶ್ಯವನ್ನೇ ಆಡಿ ತೋರಿಸುತ್ತಿದ್ದೇವೆ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ನಕಗಾವಾ-ಸಾನ್ ಫೋಟೋ ತೆಗೆದರು. ಮಾರನೆಯ ಬೆಳಿಗ್ಗೆ ಎದ್ದರೆ ನಿನ್ನ ಹಾಸಿಗೆ ಮಡಿಸಿಟ್ಟಿತ್ತು, ನೀನು ಇರಲಿಲ್ಲ. ನಾನೇನು ಮಾಡಿದೆ, ರತ್ನಾ? ಅಷ್ಟು ಚೆಂದದ ಫೋಟೋದಲ್ಲಿ ಏನಿದೆ?

ನಾನು ಇನ್ನೂ ಸಹಿ ಹಾಕಿಲ್ಲ.

ನಿನ್ನ
ಜಾಹ್ನವಿ


ಕ್ಯೋಟೋ
5 ಜೂನ್ 2025

ಜಾಹ್ನವಿ,

ಮುದ್ದೆ ಮಾಡಿದೆ. ಸಾರಿಗೆ ಇಲ್ಲಿಯ ಸೊಪ್ಪು ಹೊಂದಲಿಲ್ಲ, ಆದರೂ ಎರಡು ಮುದ್ದೆ ಇಳಿಯಿತು. ನೀನು ಕೊಟ್ಟದ್ದನ್ನು ತಿಂದು ನಿನಗೇ ಬಯ್ಯುವುದು ಸರಿಯಲ್ಲ ಎನ್ನುವ ಜನ ಇದ್ದಾರೆ. ನಾನು ಆ ಜನ ಅಲ್ಲ.

ಫೋಟೋದಲ್ಲಿ ಏನಿದೆ ಎಂದು ಕೇಳಿದೆ. ತೆಗೆದು ಎದುರಿಗಿಟ್ಟುಕೋ. ನನ್ನ ಮುಖ ನೋಡಬೇಡ, ನಿನ್ನ ಮುಖವನ್ನೂ ನೋಡಬೇಡ. ಕೈಗಳನ್ನು ನೋಡು.

ನನ್ನ ಎರಡು ಕೈ ಸೇರಿ ಬೊಗಸೆಯಾಗಿ ಬಾಯಿಗೆ ಹತ್ತಿವೆ. ನೀನು ಬಾಟಲಿಯನ್ನು ಮೇಲಿನಿಂದ ಬಗ್ಗಿಸಿದ್ದೀಯ. ಬಾಟಲಿಯ ಬಾಯಿಗೂ ನನ್ನ ಬೆರಳಿಗೂ ನಡುವೆ ಒಂದು ಗೇಣು ಜಾಗ ಇದೆ. ಆ ಗೇಣಿನಲ್ಲಿ ನೀರಿನ ಒಂದು ದಾರ, ಬಿಸಿಲಿಗೆ ಹೊಳೆಯುತ್ತದೆ. ಅದನ್ನೇ ಅವರು ಸುಂದರ ಎನ್ನುತ್ತಿರುವುದು.

ನೀನು ನನಗೆ ‘ಬೊಗಸೆ ಒಡ್ಡು’ ಅನ್ನಲಿಲ್ಲ. ನಾನು ನಿನಗೆ ‘ಮೇಲಿನಿಂದ ಹೊಯ್ಯಿ’ ಅನ್ನಲಿಲ್ಲ. ತಲೆ ಸುತ್ತುತ್ತಿತ್ತು, ಕಣ್ಣು ಕತ್ತಲಾಗಿತ್ತು, ಯಾವ ದೇಶ ಎನ್ನುವುದೂ ಮರೆತಿತ್ತು. ಆದರೆ ನೀರು ಬರುತ್ತಿದೆ ಎಂದು ತಿಳಿದ ಕೂಡಲೇ ಕೈಗಳು ತಾವೇ ಸೇರಿಕೊಂಡವು. ಬಂಗಾರಪೇಟೆ ಹತ್ತಿರದ ನನ್ನ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಮೂರನೇ ಕ್ಲಾಸಿನ ತನಕ ನಮ್ಮ ಕೇರಿಯ ಮಕ್ಕಳು ನೀರು ಕುಡಿದದ್ದು ಹೀಗೆ. ಮಡಕೆ ಮುಟ್ಟುವಂತಿಲ್ಲ, ಲೋಟ ಮುಟ್ಟುವಂತಿಲ್ಲ. ಸಾಲಾಗಿ ಕೂತು ಬೊಗಸೆ ಒಡ್ಡಬೇಕು. ಆಮೇಲೆ ಸಂಘಟನೆ ಬಂತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆಯ ಹೋಟೆಲಿಗೆ ನುಗ್ಗಿದ. ಒಂಬತ್ತು ವರ್ಷದ ನಾನು ಎಲ್ಲರೂ ಕುಡಿಯುವ ಗಾಜಿನ ಲೋಟದಲ್ಲಿ ಟೀ ಕುಡಿದೆ, ನಾಲಿಗೆ ಸುಟ್ಟುಕೊಂಡೆ, ಅತ್ತುಬಿಟ್ಟೆ, ಅಪ್ಪ ನಕ್ಕ. ಅವತ್ತೇ ಬೊಗಸೆ ಮುಗಿಯಿತು ಎಂದುಕೊಂಡಿದ್ದೆ. ಎಷ್ಟು ವೇದಿಕೆಗಳ ಮೇಲೆ ಹಾಗಂತ ಭಾಷಣ ಮಾಡಿದ್ದೇನೆ. ಸುಳ್ಳು. ಅದು ನನ್ನ ಮೊಣಕೈಯೊಳಗೆ ಅಡಗಿ ಕೂತಿತ್ತು. ಬಿಸಿಲಿಗೆ ಹೊರಗೆ ಬಂತು.

ಹಾಗಾಗಿ ಮೊದಲು ಸಿಟ್ಟು ಬಂದದ್ದು ನನ್ನ ಕೈಗಳ ಮೇಲೆ. ಆಮೇಲೆ ನಿನ್ನ ಮೇಲೆ ಬಂತು. ಯಾಕೆ ಹೇಳಲೇ? ನೀನು ಚೆನ್ನಾಗಿ ಹೊಯ್ದೆ. ಗಾಳಿ ಬೀಸುತ್ತಿತ್ತು, ಮರಳಿನಲ್ಲಿ ಕಾಲು ಹೂತುಹೋಗಿತ್ತು, ಆದರೂ ಒಂದು ಹನಿ ಆಚೀಚೆ ಬೀಳಲಿಲ್ಲ. ನಾನು ನುಂಗುವುದನ್ನು ನೋಡಿಕೊಂಡು ನಿಲ್ಲಿಸಿದೆ, ಮತ್ತೆ ಬಿಟ್ಟೆ. ಮೊದಲ ಸಲ ಹೊಯ್ಯುವವರಿಗೆ ಅದು ಬರುವುದಿಲ್ಲ.

ಹಿಂದಿನ ದಿನ ಒಂದೇ ಕೊಳದಲ್ಲಿ ಕತ್ತಿನ ತನಕ ಮುಳುಗಿ ಕೂತಿದ್ದೆವು. ಕಥೆಯ ಆ ಕಾನೂನು ನಿನ್ನ ಕಲ್ಪನೆ, ನಾನು ಮೆಚ್ಚಿ ಒಪ್ಪಿದ್ದೆ. ಯಾರ ಕೈಯಿಂದ ಕುಡಿಯಬೇಕು ಎಂದು ಬರೆದೆವು. ಎಷ್ಟು ಎತ್ತರದಿಂದ ಎಂದು ಬರೆಯಲಿಲ್ಲ.

ನನ್ನದು ಒಂದೇ ಪ್ರಶ್ನೆ. ಅದನ್ನು ಎಲ್ಲಿ ಕಲಿತೆ, ಜಾಹ್ನವಿ?

ರತ್ನಾ


ನಿಶಿ ಕಸಾಯಿ
13 ಜುಲೈ 2025

ರತ್ನಾ,

ಐದು ವಾರ ಆಯಿತು. ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ನಾನು ಒಳ್ಳೆಯವಳಾಗಿದ್ದೆ. ಇದು ಐದನೆಯದು.

ಮೈಸೂರಿನಲ್ಲಿ ಅಜ್ಜಿಯ ಮನೆ. ಹಿತ್ತಿಲಿನಲ್ಲಿ ಮೂರು ಮೆಟ್ಟಿಲು. ಕಕ್ಕಸು ತೊಳೆಯಲು ಒಬ್ಬಳು ಬರುತ್ತಿದ್ದಳು, ಕೆಲಸ ಮುಗಿಸಿ ಕೆಳಗಿನ ಮೆಟ್ಟಿಲಿನ ಹತ್ತಿರ ಕೂರುತ್ತಿದ್ದಳು. ಅಜ್ಜಿ ಮೇಲಿನ ಮೆಟ್ಟಿಲಿನಲ್ಲಿ ನಿಂತು ನೀರು ಹೊಯ್ಯುತ್ತಿದ್ದರು. ನನಗೆ ಏಳು ವರ್ಷ ಇದ್ದಾಗ ಅಜ್ಜಿಯ ಭುಜ ನೋಯಲು ಶುರುವಾಯಿತು. ಚೊಂಬು ನನ್ನ ಕೈಗೆ ಬಂತು. “ತಾಗ್ಸಬೇಡ ಪುಟ್ಟಿ, ಒಂದು ಗೇಣು ಮೇಲಿಂದ ಹೊಯ್ಯಿ. ಸಣ್ಣಗೆ. ಅವಳು ನುಂಗೋದು ನೋಡ್ಕೊಂಡು ಬಿಡು.” ಎರಡು ದಿನ ಚೆಲ್ಲಿದೆ. ಮೂರನೆಯ ದಿನ ಚೆಲ್ಲಲಿಲ್ಲ. “ಜಾಣೆ” ಅಂದರು. ಐದು ವರ್ಷ ಹೊಯ್ದಿದ್ದೇನೆ. ನನಗೆ ಅದು ಆಟದ ಹಾಗಿತ್ತು. ಅವಳು ಕೆಳಗಿನಿಂದ ಕಣ್ಣೆತ್ತಿ ನಗುತ್ತಿದ್ದಳು, ನಾನೂ ನಗುತ್ತಿದ್ದೆ.

ನಿನ್ನ ಕಾಗದ ಬಂದ ಮೇಲೆ ಮೈಸೂರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ, ಅವಳ ಹೆಸರೇನು ಅಂತ. “ಯಾರೇ? ಓ, ಬರ್ತಿದ್ಲಲ್ಲ, ಅವಳಾ? ಅವಳಿಗೆ ಹೆಸರು… ಬರ್ತಿದ್ಲಪ್ಪ, ಅಷ್ಟೇ. ಈಗ್ಯಾಕೆ ಅದೆಲ್ಲ?” ಐದು ವರ್ಷ ಅವಳ ಗಂಟಲು ನೋಡಿದ್ದೇನೆ ರತ್ನಾ. ಹೆಸರು ಗೊತ್ತಿಲ್ಲ.

ಇನ್ನೂ ಒಂದು ಹೇಳಬೇಕು, ಇದು ಹೆಚ್ಚು ಕಷ್ಟದ್ದು. ನಿನ್ನ ಜಾತಿಯನ್ನು ನಾನು ಒಂದು ದಿನವೂ ಕೇಳಲಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ಇಲ್ಲಿಯ ಹೆಂಗಸರೆಲ್ಲ ಸುತ್ತಿ ಬಳಸಿ ಊರು ಕೇಳಿ, ಹಬ್ಬ ಕೇಳಿ, ಮದುವೆಯ ಊಟ ಕೇಳಿ ಕಂಡುಹಿಡಿಯುತ್ತಾರೆ, ನಾನು ಅವರ ಹಾಗಲ್ಲ ಎಂದು. ಕೇಳಲಿಲ್ಲ, ಯಾಕೆಂದರೆ ನನಗೆ ಗೊತ್ತಿತ್ತು. ನೀನು ಮೊದಲ ಸಲ ಮನೆಗೆ ಬಂದಾಗ ಅಡಿಗೆಮನೆಯ ಬಾಗಿಲಲ್ಲೇ ನಿಂತು ಮಾತಾಡಿದೆ, ಒಳಗೆ ಬರಲಿಲ್ಲ. ಆಗಲೇ ಗೊತ್ತಾಯಿತು. “ಒಳಗ್ ಬಾರೇ” ಅನ್ನಲು ಮೂರು ಸೆಕೆಂಡ್ ತಡ ಮಾಡಿದೆ. ನೀನು ಎಣಿಸಿರುತ್ತೀಯ.

ದಿಬ್ಬದ ಮೇಲೆ ನೀನು ಬೊಗಸೆ ಒಡ್ಡಿದೆ. ನನ್ನ ಕೈ ತಾನಾಗಿಯೇ ಒಂದು ಗೇಣು ಮೇಲಕ್ಕೆ ಹೋಯಿತು. ಹೋಗುತ್ತಿರುವುದನ್ನು ನಾನು ನೋಡಿದೆ. ನಿಲ್ಲಿಸಬಹುದಿತ್ತು, ಬಾಟಲಿಯನ್ನು ನಿನ್ನ ಕೈಗೆ ಕೊಡಬಹುದಿತ್ತು. ಜನ ಚಪ್ಪಾಳೆ ತಟ್ಟಿದರು, ನನಗೆ ಖುಷಿಯಾಯಿತು. ಅದನ್ನೇ ಏಳು ವರ್ಷ ‘ಬಿಸಿಲು ಹೊಡೆದದ್ದು’ ಎಂದು ಕರೆದೆ.

ಗಂಡನಿಂದ ಮುಚ್ಚಿಡಬಾರದೆಂದು ಶ್ರೀನಾಥನಿಗೆ ಹೇಳಿದೆ. “ಬಿಡೇ, ಜಪಾನಲ್ಲಿ ಯಾರಿಗೆ ಗೊತ್ತಾಗತ್ತೆ? ಚೆನ್ನಾಗಿದೆ ಫೋಟೋ, ಸೈನ್ ಮಾಡು” ಅಂದ. ಊಟದ ಮೇಜಿನ ಮೇಲೆ ಫೋಟೋ ಇತ್ತು. ಅಮೂಲ್ಯ ಫುಟ್ಬಾಲ್ ಕ್ಲಾಸಿನಿಂದ ಬಂದವಳು ಎತ್ತಿಕೊಂಡು ನೋಡಿದಳು. “ಅಮ್ಮ, ನಾನ್ದೇ? ವೈ ಈಸಂಟ್ ಆಂಟಿ ಹೋಲ್ಡಿಂಗ್ ದ ಬಾಟಲ್? ಕೈ ಏಟಾಗಿತ್ತಾ?” ಅಂದಳು. ಯಾಕೆ, ಆಂಟಿ ಬಾಟಲಿಯನ್ನು ತಾನೇ ಯಾಕೆ ಹಿಡಿದುಕೊಂಡಿಲ್ಲ, ಅಂತ. ಶ್ರೀನಾಥ ನನ್ನ ಮುಖ ನೋಡಿದ. ಇನ್ನೂರು ಜನ ಆ ದಿಬ್ಬದ ಮೇಲೆ ನಿಂತಿದ್ದರು, ಒಬ್ಬರೂ ಕೇಳಿರಲಿಲ್ಲ.

ನಾನು ಅವಳಿಗೆ ಇನ್ನೂ ಉತ್ತರ ಹೇಳಿಲ್ಲ.

ಒಂದು ಯೋಚನೆ ಬಂದಿದೆ. ಆಗಸ್ಟಿನಲ್ಲಿ ತೊತ್ತೊರಿಗೆ ಹೋಗೋಣ. ಅದೇ ದಿಬ್ಬ, ಅದೇ ಹೊತ್ತು. ನಾನು ಮರಳಿನ ಮೇಲೆ ಕೂರುತ್ತೇನೆ, ಬೊಗಸೆ ಒಡ್ಡುತ್ತೇನೆ, ನೀನು ಹೊಯ್ಯಿ. ನಕಗಾವಾ-ಸಾನ್ ಆ ಫೋಟೋ ತೆಗೆಯಲಿ. ಹಳೆಯದರ ಬದಲು ಅದನ್ನು ಹಾಕಲಿ.

ಜಾಹ್ನವಿ


ಕ್ಯೋಟೋ
18 ಜುಲೈ 2025

ಜಾಹ್ನವಿ,

ನಿನ್ನ ಯೋಚನೆ ಬೇಡ. ಖಂಡಿತ ಬೇಡ. ನೀನು ಬೊಗಸೆ ಒಡ್ಡಿದರೆ ನನ್ನ ಬೊಗಸೆ ಅಳಿಸಿಹೋಗುವುದಿಲ್ಲ, ಲೋಕದಲ್ಲಿ ಎರಡು ಬೊಗಸೆ ಆಗುತ್ತವೆ ಅಷ್ಟೇ. ನಿನ್ನ ಪಶ್ಚಾತ್ತಾಪಕ್ಕೆ ನಾನು ಚೊಂಬು ಹಿಡಿದು ನಿಲ್ಲಬೇಕೇ? ನನಗೆ ಬೇರೆ ಕೆಲಸ ಇದೆ. ಲ್ಯಾಬಿನಲ್ಲಿ ದಿನವೆಲ್ಲ ಮರಳು ಸುಟ್ಟು ಗಾಜು ಮಾಡುತ್ತೇನೆ, ಅದರ ಕುಲುಮೆಯೇ ಸಾಕು ನನಗೆ.

ಆದರೆ ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರು ಸೆಕೆಂಡ್ ಅಲ್ಲ, ಐದು. ಎಣಿಸಿದ್ದೆ. ಎಣಿಸಿಯೂ ಒಳಗೆ ಬಂದೆ, ನೀನು ಮಾಡಿದ ಬಿಸಿಬೇಳೆಬಾತು ಎರಡು ಸಲ ಹಾಕಿಸಿಕೊಂಡು ತಿಂದೆ. ಯಾಕೆಂದರೆ ನನಗೆ ನೀನು ಬೇಕಾಗಿದ್ದೆ. ಈ ದೇಶದಲ್ಲಿ ಕನ್ನಡದಲ್ಲಿ ನನ್ನ ಜೊತೆ ಜಗಳ ಆಡಬಲ್ಲವಳು ನೀನೊಬ್ಬಳೇ.

ನನ್ನದೂ ಒಂದು ತಪ್ಪಿದೆ, ಬರೆದುಬಿಡುತ್ತೇನೆ. ಮೈಕು ಕೊಟ್ಟರೆ ಬೆಂಕಿ ಉಗುಳುವ ನಾನು ನಿನ್ನ ಊಟದ ಮೇಜಿನ ಮುಂದೆ “ಕೋಲಾರದ ಕಡೆ” ಎಂದು ಹೇಳಿ ಸುಮ್ಮನಾಗಿದ್ದೆ. ನೀನು ಕೇಳಲಿಲ್ಲ ಎಂದು ಸಮಾಧಾನಪಟ್ಟೆ. ನೀನು ಕೇಳದೆ ಜಾಣೆಯಾದೆ, ನಾನು ಹೇಳದೆ ಜಾಣೆಯಾದೆ. ಇಬ್ಬರು ಜಾಣೆಯರು ಸೇರಿ ಕೂತು ಬೇರೆ ಗ್ರಹದ ನ್ಯಾಯದ ಬಗ್ಗೆ ಕಥೆ ಬರೆದೆವು. ನಿನಗೆ ಒಂದು ಮಾತೂ ಹೇಳದೆ ರೈಲು ಹತ್ತಿದ್ದು, ಏಳು ವರ್ಷ ಬಾಯಿ ಮುಚ್ಚಿಕೊಂಡದ್ದು ಹೋರಾಟ ಅಲ್ಲ. ಅಪ್ಪ ಇದ್ದಿದ್ದರೆ, “ಓಡಿಬಂದ್ಯಾ? ನಿಂತು ಕೇಳೋಕೇನಾಗಿತ್ತು ನಿಂಗೆ ರೋಗ?” ಅನ್ನುತ್ತಿದ್ದ.

ಈಗ ಫೋಟೋದ ಮಾತು. ನಾನು ಸಹಿ ಹಾಕುತ್ತೇನೆ. ಹೌದು, ಹಳೆಯ ಫೋಟೋಗೆ. ಅದನ್ನು ಬಚ್ಚಿಟ್ಟರೆ ಶ್ರೀನಾಥ ಹೇಳಿದ ಹಾಗೆಯೇ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಲಿ. ಆದರೆ ‘ಅತಿ ಸುಂದರ ಚಿತ್ರ’ ಎಂಬ ಮಾತು ಅದರ ಕೆಳಗೆ ಇರಕೂಡದು. ಗೆಳೆತನ, ಸಂಸ್ಕೃತಿ, ಪ್ರಾಚೀನ ಭಾರತ ಯಾವುದೂ ಇರಕೂಡದು. ಒಂದೇ ಸಾಲು ಇರಬೇಕು, ಜಪಾನಿಯಲ್ಲಿ ಮತ್ತು ಕನ್ನಡದಲ್ಲಿ:

‘ಆಂಟಿ ಬಾಟಲಿಯನ್ನು ತಾನೇ ಯಾಕೆ ಹಿಡಿದುಕೊಂಡಿಲ್ಲ? — ಅಮೂಲ್ಯ, 10 ವರ್ಷ’

ನಕಗಾವಾ-ಸಾನ್‌ಗೆ ವಿಷಯ ಹೇಳುವ ಕೆಲಸ ನಿನ್ನದು. ನಿನ್ನ ಜಪಾನೀ ಭಾಷೆ ನನಗಿಂತ ಚೆನ್ನಾಗಿದೆ. ಜೊತೆಗೆ, ಇದನ್ನು ಹೊಯ್ದವಳೇ ಹೇಳಬೇಕು. ಅದಕ್ಕೂ ಮೊದಲು ನಿನ್ನ ಮಗಳಿಗೆ ಹೇಳು. ಪ್ರಶ್ನೆ ಅವಳದ್ದು, ಅವಳು ಒಪ್ಪಿದರೆ ಮಾತ್ರ ಅಚ್ಚು.

ರತ್ನಾ


ನಿಶಿ ಕಸಾಯಿ
4 ಆಗಸ್ಟ್ 2025

ಪ್ರೀತಿಯ ರತ್ನಾ,

ಅಮೂಲ್ಯಳಿಗೆ ಹೇಳಿದೆ. ಕನ್ನಡದಲ್ಲಿ ಶುರು ಮಾಡಿದೆ, ಇಂಗ್ಲಿಷಿನಲ್ಲಿ ಮುಗಿಸಿದೆ. ಮೆಟ್ಟಿಲು, ಚೊಂಬು, ಗೇಣು, ಎಲ್ಲ ಹೇಳಿದೆ. ಅವಳು ತನ್ನ ಕೈ ಚಾಚಿ ಗೇಣು ಹಾಕಿ ನೋಡಿಕೊಂಡಳು. “ಯು ಡಿಡ್ ದಟ್?” ಅಂದಳು. ಹೌದು ಅಂದೆ. “ಆ ನೀರ್ ಕುಡೀತಿದ್ದ ಲೇಡಿ ನೇಮ್ ಏನು?” ಅಂದಳು. ಗೊತ್ತಿಲ್ಲ ಅಂದೆ. ಎದ್ದು ತನ್ನ ರೂಮಿಗೆ ಹೋದಳು. ಮಾರನೆಯ ದಿನ ಬೆಳಿಗ್ಗೆ ಶಾಲೆಯ ಚೀಲ ಹಾಕಿಕೊಳ್ಳುತ್ತ, “ಓಕೆ, ಪ್ರಿಂಟ್ ಮಾಡ್ಲಿ, ಬಟ್ ನನ್ನ ಹೆಸರು ಕರೆಕ್ಟಾಗಿ ಬರೀಬೇಕು” ಅಂದಳು. ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನನಗೆ ಬೇಜಾರಾಯಿತು, ಜೊತೆಗೆ ಏನೋ ಹಗುರವೂ ಆಯಿತು.

ನಕಗಾವಾ-ಸಾನ್‌ಗೆ ಫೋನು ಮಾಡಿದೆ. ಅರ್ಧ ಗಂಟೆ ನಾನೇ ಮಾತಾಡಿದೆ. ಅವರು “ಹೈ, ಹೈ” ಎಂದು ಹೂಂಗುಟ್ಟುತ್ತಿದ್ದರು. ಆಮೇಲೆ ನಿಧಾನವಾಗಿ ಹೇಳಿದರು: ಅವರ ಹಳ್ಳಿಯಲ್ಲೂ ಹೊಳೆಯಾಚೆಯ ಮನೆಗಳು ಎಂದು ಕೆಲವು ಇದ್ದವಂತೆ. ಅಲ್ಲಿಯ ಸಹಪಾಠಿಯೊಬ್ಬ ಇವರ ಮನೆಗೆ ಬಂದಾಗ ತಾಯಿ ನಗುನಗುತ್ತ ಟೀ ಕೊಟ್ಟರಂತೆ. ಅವನು ಹೋದ ಮೇಲೆ ಆ ಬಟ್ಟಲನ್ನು ಹಿತ್ತಿಲಿನ ಕಲ್ಲಿನ ಮೇಲೆ ಒಡೆದರಂತೆ. “ಮೂವತ್ತೆಂಟು ವರ್ಷ ಮೇಷ್ಟರಾಗಿದ್ದೆ. ಮಕ್ಕಳಿಗೆ ನಕ್ಷತ್ರಗಳ ಬಗ್ಗೆ ಎಲ್ಲ ಹೇಳಿದೆ. ಆ ಬಟ್ಟಲಿನ ಬಗ್ಗೆ ಹೇಳಲಿಲ್ಲ” ಅಂದರು.

ಪ್ರಶ್ನೆಯನ್ನು ಒಳಗಿನ ಪುಟದಲ್ಲಿ ಅಲ್ಲ, ಮುಖಪುಟದಲ್ಲೇ, ಫೋಟೋದ ಕೆಳಗೇ ಹಾಕುತ್ತಾರಂತೆ.

ಸಮ್ಮೇಳನ ಇಪ್ಪತ್ಮೂರನೇ ತಾರೀಕು. ನಾನೂ ಅಮೂಲ್ಯಳೂ ಬರುತ್ತಿದ್ದೇವೆ. ಶ್ರೀನಾಥ ಆಫೀಸು ಅಂದ, ಒತ್ತಾಯ ಮಾಡಲಿಲ್ಲ. ಆದರೆ ನಿನ್ನ ಕಾಗದಗಳನ್ನು ತೆಗೆದುಕೊಂಡು ಓದಿ, ಮಡಿಸಿ, ಅದೇ ಜಾಗದಲ್ಲಿ ಇಟ್ಟಿದ್ದಾನೆ. ಓದಿರುವುದು ಗೊತ್ತಾಯಿತು, ಯಾಕೆಂದರೆ ಅವನು ಮಡಿಸುವ ರೀತಿಯೇ ಬೇರೆ.

ನೀನು ಬರುತ್ತೀಯ ತಾನೇ? ಬೊಗಸೆಯ ಮಾತು ಎತ್ತುವುದಿಲ್ಲ. ಟೋಪಿ ತಂದುಕೋ.

ನಿನ್ನ
ಜಾಹ್ನವಿ


ಕ್ಯೋಟೋ
29 ಆಗಸ್ಟ್ 2025

ಜಾಹ್ನವಿ,

ಈ ದೇಶದವರು ಬೇಸಿಗೆ ಕಳೆಯುವ ಮುಂಚೆ ಒಬ್ಬರಿಗೊಬ್ಬರು ಕಾರ್ಡು ಬರೆದು ‘ಉಳಿದ ಸೆಕೆಯಲ್ಲಿ ಹೇಗಿದ್ದೀರಿ’ ಎಂದು ಕೇಳುತ್ತಾರಲ್ಲ, ನಕಗಾವಾ-ಸಾನ್ ಪ್ರತಿ ವರ್ಷ ನನಗೆ ಕಳಿಸುತ್ತಾರೆ. ಈ ಸಲ ನಾನೂ ಒಂದು ಕೊಂಡೆ, ನಿನಗೆ. ಮೇಲೆ ಕಲ್ಲಂಗಡಿ ಚಿತ್ರ ಇದೆ. ಬರೆಯಬೇಕಾದದ್ದು ಅದರಲ್ಲಿ ಹಿಡಿಸಲಿಲ್ಲ, ಹಾಗಾಗಿ ಈ ಹಾಳೆಯನ್ನೂ ಸೇರಿಸಿದ್ದೇನೆ.

ನಡೆದದ್ದೆಲ್ಲ ನಿನ್ನ ಕಣ್ಣೆದುರೇ ನಡೆಯಿತು. ಆದರೂ ಬರೆಯುತ್ತೇನೆ. ಕಳೆದ ಸಲ ಇಬ್ಬರೂ ನೋಡಿ ಇಬ್ಬರೂ ಬರೆಯದೆ ಬಿಟ್ಟೆವು. ಏಳು ವರ್ಷ ಹಾಳಾಯಿತು.

ಸ್ಟೇಷನ್ನಿನಲ್ಲಿ ನಿನ್ನನ್ನು ನೋಡಿ ನಾನು ಮೊದಲು ಹೇಳಿದ್ದು “ದಪ್ಪ ಆಗಿದೀಯ.” ನೀನು ಹೇಳಿದ್ದು “ನಿಂಗೆ ಕೂದ್ಲು ಬೆಳ್ಳಗಾಗಿದೆ.” ಅಲ್ಲಿಗೆ ಕುಶಲ ಮುಗಿಯಿತು. ನಿನ್ನ ಮಗಳು ನನ್ನನ್ನು ಅಡಿಯಿಂದ ಮುಡಿತನಕ ನೋಡಿ, “ಆಂಟಿ, ನಿಮ್ ಕೈ ಓಕೆನಾ ಈಗ?” ಅಂದಳು. ಓಕೆ ಅಂದೆ. ಸಮ್ಮೇಳನದಲ್ಲಿ ಕತ್ತಿನ ಬಿಲ್ಲೆಯ ಮೇಲೆ ‘ಪ್ರಶ್ನೆ ಕೇಳಿದವಳು’ ಎಂದು ಬರೆಸಿಕೊಂಡಿದ್ದಳು. ಅಕ್ಷರ ನಿನ್ನದು, ಧೈರ್ಯ ಅವಳದು.

ಪುಸ್ತಕ ಬಿಡುಗಡೆ ಎಂದರೆ ಎಲ್ಲರೂ ಸೇರಿ ಪೆಟ್ಟಿಗೆ ಬಿಚ್ಚುವುದು ಎಂದು ನನಗೆ ಗೊತ್ತಿರಲಿಲ್ಲ. ಮುಖಪುಟ ಕೈಯಿಂದ ಕೈಗೆ ಹೋಯಿತು. ಈ ಸಲ ಚಪ್ಪಾಳೆ ಇಲ್ಲ. ಆ ರೋಬೋ ಸ್ಟೇಷನ್ ಮಾಸ್ಟರರು, ಈಗ ಎಂಬತ್ತು ದಾಟಿದವರು, ಎದ್ದು ನಿಂತು, “ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಏನು ನೋಡಿದೆ ಎಂದು ಈಗ ಕೇಳಬಹುದೇ?” ಅಂದರು. ನೀನು ಹೇಳಿದೆ. ಹೊಯ್ದವಳು ನಾನು, ಹೀಗೆ ಹೊಯ್ದೆ, ಇಲ್ಲಿ ಕಲಿತೆ, ಅಂತ. ನಿನ್ನ ಪಕ್ಕ ಬಂದು ನಿಲ್ಲಬೇಕು ಅನ್ನಿಸಿತು, ನಿಲ್ಲಲಿಲ್ಲ. ನಿನ್ನ ಮಾತು ನೀನೇ ಮುಗಿಸಬೇಕಿತ್ತು. ಮುಗಿಸಿದೆ. ಆಮೇಲೆ ನಾನು ಮಾತಾಡಿದೆ, ಹರಕು ಜಪಾನಿಯಲ್ಲಿ, ಆದರೆ ಕೂತುಕೊಂಡು ಅಲ್ಲ.

ಇನ್ನು ದಿಬ್ಬ. ಮೂವತ್ತೊಂಬತ್ತು ಡಿಗ್ರಿ. ಪ್ರವಾಸಿಗರನ್ನು ಕೂರಿಸಿಕೊಳ್ಳುವ ಒಂಟೆ ಕೂಡ ನೆರಳು ಬಿಟ್ಟು ಅಲ್ಲಾಡಲಿಲ್ಲ, ನಾವು ಮೂವರು ಹತ್ತಿದೆವು. ನನ್ನ ಬಳಿ ಒಂದು ಬಾಟಲಿ ಇತ್ತು. ತುದಿಗೆ ಬಂದ ಕೂಡಲೇ ಅಮೂಲ್ಯ ಕೇಳದೆಯೇ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಬಾಯಿಗೆ ಕಚ್ಚಿಕೊಂಡು, ಗಟಗಟ ಅರ್ಧ ಕುಡಿದು, ಮುಂಗೈಯಲ್ಲಿ ಬಾಯಿ ಒರೆಸಿಕೊಂಡು, ನನ್ನತ್ತ ಚಾಚಿದಳು. “ಆಂಟಿ, ದೋಜೋ. ತಗೊಳ್ಳಿ.”

ತಗೊಂಡೆ. ನನ್ನ ಕೈ ಬಾಟಲಿಯನ್ನು ಮೇಲಕ್ಕೆತ್ತಿತು. ಒಂದು ಗೇಣು. ನಾನು ಎತ್ತಲಿಲ್ಲ, ಅದೇ ಎತ್ತಿಕೊಂಡಿತು. ತಲೆ ಹಿಂದಕ್ಕೆ ಬಾಗಿತು. ಆ ಕ್ಷಣದಲ್ಲಿ ಓರೆಗಣ್ಣಿನಿಂದ ನಿನ್ನನ್ನು ನೋಡಿದೆ. ನೀನು ನನ್ನ ಕೈಯನ್ನೇ ನೋಡುತ್ತಿದ್ದೆ. ಕಣ್ಣು ತಿರುಗಿಸಲಿಲ್ಲ. ಅದಕ್ಕೆ ನಿನಗೆ ನನ್ನ ನಮಸ್ಕಾರ.

ಇಳಿಸಿದೆ. ನಲವತ್ಮೂರು ವರ್ಷದ ಕೈಯನ್ನು ಒಂದು ಗೇಣು ಕೆಳಗೆ ಇಳಿಸಲು ಅಷ್ಟು ಬಲ ಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಾಟಲಿಯ ಬಾಯಿಗೆ ಬಾಯಿ ಇಟ್ಟೆ. ನೀರು ಬೆಚ್ಚಗಿತ್ತು, ಉಪ್ಪುಪ್ಪಾಗಿತ್ತು. ನಿನ್ನ ಮಗಳು ಬಸ್ಸಿನಲ್ಲಿ ತಿಂದ ಬಿಸ್ಕತ್ತಿನ ಚೂರು ಅದರಲ್ಲಿ ತೇಲುತ್ತಿತ್ತು. ನುಂಗಿದೆ.

ನೀನು ಕೈ ಚಾಚಿ, “ನಂಗೂ ಸ್ವಲ್ಪ ಇಡೇ” ಅಂದೆ. ನಾನು ಇಡಲಿಲ್ಲ. ಕೊನೆಯ ಹನಿಯ ತನಕ ಕುಡಿದು, ಖಾಲಿ ಬಾಟಲಿಯನ್ನು ನಿನ್ನ ಕೈಗೆ ಕೊಟ್ಟು, “ಕೆಳಗಡೆ ಕೊಂಬಿನಿ ಇದೆ, ಹೋಗಿ ತಂದ್ಕೋ” ಅಂದೆ. ನೀನು ಬಯ್ದುಕೊಂಡು ಇಳಿದೆ. ನಿನ್ನ ಬೆನ್ನು ನೋಡುತ್ತ ಅಮೂಲ್ಯ, “ಆಂಟಿ, ದಟ್ ವಾಸ್ ಮೀನ್” ಅಂದಳು.

ಹೌದು. ಬೇಕೆಂದೇ ಮಾಡಿದೆ. ಬೇರೆ ಯಾರಿಗಾದರೂ ಆಗಿದ್ದರೆ ಮರ್ಯಾದೆಗೆ ಸ್ವಲ್ಪ ಉಳಿಸುತ್ತಿದ್ದೆ.

ಉಳಿದ ಸೆಕೆಯಲ್ಲಿ ಹೇಗಿದ್ದೀಯ? ಫೋನಿನಲ್ಲಿ ನಿನ್ನ ನಂಬರು ತೆರೆದಿದ್ದೇನೆ. ರಾಗಿ ಹಿಟ್ಟು ಮುಗಿದಿದೆ.

ರತ್ನಾ